ತಡವಾಗಿ ಬಿದ್ದ ಹನಿ

"ಟಾರ್ಚು ಇನ್ನೂ ಸ್ವಲ್ಪ ಕೆಳಗೆ ಹಿಡಿಯಮ್ಮ. ಹಾಂ, ಅಷ್ಟೇ. ಅಲುಗಾಡಿಸಬೇಡ."

ಮೇಷ್ಟ್ರು ನೆಲದ ಮೇಲೆ ಮೊಣಕಾಲೂರಿ ಕುಳಿತಿದ್ದರು. ಅವರ ಕೈಯ ಚಿಮಟ ನೀರು ಹೋಗುವ ಜಾಲರಿಯ ಕಣ್ಣೊಳಗೆ ಇಳಿಯಿತು, ಏನನ್ನೋ ಕಚ್ಚಿತು, ಮೆಲ್ಲಗೆ ಮೇಲೆ ಬಂತು.

"ಅಯ್ಯೋ, ಇಲಿ ಬಾಲ!" ಎಂದು ಹನಿಯಪ್ಪನ ಮಗಳು ಒಂದು ಹೆಜ್ಜೆ ಹಿಂದೆ ಸರಿದಳು.

"ಇಲಿ ಬಾಲಕ್ಕೆ ಯಾರೂ ಗಂಟು ಹಾಕೋದಿಲ್ಲ" ಎಂದರು ಮೇಷ್ಟ್ರು.

ಅದೊಂದು ಬತ್ತಿ. ಹತ್ತಿಯ ನೂಲಿನಿಂದ ಹೊಸೆದದ್ದು. ಒಂದು ತುದಿಯಲ್ಲಿ ಕಡಲೆಕಾಳಿನಷ್ಟು ಗಂಟು, ಇನ್ನೊಂದು ತುದಿ ಕಪ್ಪಗೆ ಕರಕಲು.

ಕಾರ್ಖಾನೆಯ ಯಜಮಾನ ಹನಿಯಪ್ಪ ಇದೇ ಪ್ರದರ್ಶನದ ಕೋಣೆಯಲ್ಲಿ ವಿಷದ ಗಾಳಿ ಕುಡಿದು ಸತ್ತು ವಾರವಾಗಿತ್ತು. ಸ್ವಂತ ಅಜಾಗರೂಕತೆಯಿಂದ ಆದ ಸಾವು ಎಂದು ಈ ಸಂಜೆಯೇ ಬರೆದು ಮುಗಿಸುವುದಾಗಿ ಪೊಲೀಸ್ ಸಾಹೇಬರು ಹೇಳಿಬಿಟ್ಟಿದ್ದರು.

ಮಗಳಿಗೆ ನುಂಗಲಾಗದ ಮಾತು ಅದೇ. ತಂದೆ ಸತ್ತದ್ದನ್ನು ಹೇಗೋ ತಡೆದುಕೊಂಡಿದ್ದಳು. ಆದರೆ ಬ್ಲೀಚಿಂಗ್ ನೀರಿಗೆ ಆಸಿಡ್ ಬೆರೆಸಬಾರದು, ಬೆರೆಸಿದರೆ ವಿಷದ ಗಾಳಿ ಏಳುತ್ತದೆ ಎಂದು ಊರಿಗೆಲ್ಲ ಪಾಠ ಹೇಳಿದ ಮನುಷ್ಯ, ತಾನೇ ಬೆರೆಸಿಕೊಂಡು ಸತ್ತ ಎಂದು ಕಾಗದದ ಮೇಲೆ ಉಳಿಯುವುದನ್ನು ಅವಳು ಒಪ್ಪಲು ತಯಾರಿರಲಿಲ್ಲ. ಅದಕ್ಕಾಗಿಯೇ ಮೇಷ್ಟ್ರನ್ನು ಕರೆಸಿದ್ದಳು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವ ತನಕ ಸುಮ್ಮನೆ ನಿಂತುಬಿಡುತ್ತಿದ್ದರಿಂದ ಪೊಲೀಸ್ ಕೆಲಸದಲ್ಲಿದ್ದಾಗ ಅಂಟಿಕೊಂಡ ಹೆಸರು. ನಿವೃತ್ತಿಯಾದ ಮೇಲೆ ಕೆಲಸ ಬಿಟ್ಟಿತು, ಹೆಸರು ಬಿಡಲಿಲ್ಲ.

ಅವರು ಬತ್ತಿಯನ್ನು ಗಾಜಿನ ಬಟ್ಟಲಿಗೆ ಹಾಕಿ ಎದ್ದು ನಿಂತರು. ಎದುರಿನ ಗೋಡೆಯ ಕಡೆಗೆ ಅವರ ಕಣ್ಣು ತಾನಾಗಿ ಹೋಯಿತು. ಬಂದಾಗಿನಿಂದ ಹಾಗೆಯೇ ಆಗುತ್ತಿತ್ತು. ದೇಗುಲದೊಳಗೆ ಹೆಜ್ಜೆ ಇಟ್ಟವರ ಧ್ವನಿ ತಗ್ಗುವಂತೆ ಆ ಗೋಡೆಯ ಮುಂದೆ ಅವರ ಧ್ವನಿ ತಗ್ಗುತ್ತಿತ್ತು.

ಗೋಡೆಯ ಮೇಲೆ ನಾಲ್ಕು ಯಂತ್ರಗಳು. ಒಂದೊಂದರ ಕೆಳಗೂ ಒಂದು ಬಿಳಿಯ ಪಿಂಗಾಣಿ ಬಟ್ಟಲು. ಸಾರ್ವಜನಿಕ ಶೌಚಾಲಯದ ಬಟ್ಟಲಿಗೆ ಮನುಷ್ಯನ ಕೈ ಸೋಕದಂತೆ ಔಷಧಿ ಹನಿಸುವ ಯಂತ್ರಗಳು ಅವು. ಈ ಕಾರ್ಖಾನೆ ಹುಟ್ಟಿದ್ದು, ಬೆಳೆದದ್ದು ಅವುಗಳಿಂದಲೇ.

ಮೊದಲನೆಯದು ಬರೀ ತಗಡಿನ ಡಬ್ಬಿ. ಅದರೊಳಗಿನ ಔಷಧಿಯಲ್ಲಿ ನೆಂದ ಬತ್ತಿಯೊಂದು ಅಂಚು ದಾಟಿ ಹೊರಗೆ ಇಳಿಬಿದ್ದಿರಬೇಕು. ತುದಿಯಿಂದ ಹಗಲೂ ರಾತ್ರಿ ಹನಿ ಬೀಳುತ್ತಿರಬೇಕು. ಎರಡನೆಯದು ಗಾಜಿನ ಸೀಸೆ, ಅದಕ್ಕೊಂದು ಸಣ್ಣ ಕೊಳವೆ. ಯಾರಾದರೂ ಫ್ಲಶ್ ಎಳೆದಾಗಲೆಲ್ಲ ಹರಿಯುವ ನೀರೇ ಒಂದು ಗುಟುಕು ಔಷಧಿ ಎಳೆದುಕೊಳ್ಳುತ್ತಿತ್ತು. ಮೂರನೆಯದರ ಹೊಟ್ಟೆಯಲ್ಲಿ ಗಡಿಯಾರ. ಹೊತ್ತು ನೋಡಿ ಹನಿಸುತ್ತಿತ್ತು. ನಾಲ್ಕನೆಯದಕ್ಕೆ ಕಣ್ಣೇ ಇತ್ತು. ಎದುರಿಗೆ ಬಂದು ನಿಂತವರನ್ನು ಗುರುತಿಸಿ, ಅವರು ಆ ಕಡೆ ಹೋದ ಮೇಲೆ, ತಕ್ಕಷ್ಟೇ ಹನಿಸುತ್ತಿತ್ತು.

ಮೊದಲು ಕಣ್ಣಿಲ್ಲದೆ ಸುಮ್ಮನೆ ಅಳುತ್ತಿದ್ದ ಹನಿ. ಆಮೇಲೆ ನೀರಿನ ಸದ್ದು ಕೇಳಲು ಕಲಿತ ಹನಿ. ಆಮೇಲೆ ಹೊತ್ತು ಅರಿತ ಹನಿ. ಕೊನೆಗೆ ಮನುಷ್ಯನನ್ನು ಕಂಡ ಹನಿ. ಯಾರೂ ತಿರುಗಿ ನೋಡಲು ಇಷ್ಟಪಡದ ಜಾಗದಲ್ಲಿ ನಿಂತು ಒಬ್ಬರು ಇಷ್ಟು ಕಾಲ, ಇಷ್ಟು ಶ್ರದ್ಧೆಯಿಂದ ಯೋಚಿಸಿದ್ದಾರಲ್ಲ ಎಂದು ಮೇಷ್ಟ್ರಿಗೆ ಬೆರಗಾಗುತ್ತಿತ್ತು. ಮಾತೆತ್ತಿದರೆ ಹನಿಯ ಸುದ್ದಿಯನ್ನೇ ಹೇಳುತ್ತಿದ್ದ ಮುದುಕನಿಗೆ ಕೆಲಸಗಾರರು ಹನಿಯಪ್ಪ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

"ಅಪ್ಪ ಫೋನ್ ಮಾಡಿ ಹೇಳಿದ್ದನ್ನ ಇನ್ನೊಂದು ಸಲ ಹೇಳಮ್ಮ. ಅಕ್ಷರ ಬಿಡದ ಹಾಗೆ."

"'ಪುಟ್ಟೀ, ಯಾರೋ ಬತ್ತಿ ಬದಲಾಯಿಸಿದ್ದಾರೆ. ನೀನು ಈ ಕಡೆ ಬರಬೇಡ' ಅಂದ್ರು. ಆಮೇಲೆ ಬರೀ ಕೆಮ್ಮು."

"ಅದನ್ನ ಕೇಳಿ ನೀನು ಏನು ಅಂದ್ಕೊಂಡೆ?"

"ನಾಲ್ಕನೇದರ ಔಷಧಿ ಕೊಳವೆ ಬದಲಾಯಿಸಿದ್ದಾರೆ ಅಂತ. ಪೊಲೀಸರಿಗೂ ಅದನ್ನೇ ಹೇಳಿದೆ. ಅವರು ಅದನ್ನ ಬಿಚ್ಚಿ, ಸೋಸಿ, ಮೂಸಿ ನೋಡಿದ್ರು. ಏನೂ ಸಿಗಲಿಲ್ಲ."

"ಕೊಳವೆಗೆ ಬತ್ತಿ ಅಂತೀರಾ?"

"ನಮ್ಮಲ್ಲಿ ಎಲ್ಲದಕ್ಕೂ ಬತ್ತಿ ಅಂತಲೇ ಅನ್ನೋದು ಮೇಷ್ಟ್ರೇ. ಹನಿ ಎಲ್ಲಿಂದ ಬೀಳುತ್ತೋ ಅದು ಬತ್ತಿ. ಮೊದಲಿಂದ ಬಂದ ಮಾತು."

"ಅದೇ ನೋಡು. ಯಂತ್ರ ಬದಲಾಯಿತು, ಮಾತು ಬದಲಾಗಲಿಲ್ಲ. ನೀವೆಲ್ಲ ನಾಲ್ಕನೇದರ ಕಡೆ ಓಡಿದಿರಿ. ಹೊರಗಿನವನಾಗಿದ್ರೆ ಬತ್ತಿ ಅಂದ ತಕ್ಷಣ ಬತ್ತಿಯನ್ನೇ ಹುಡುಕ್ತಿದ್ದ. ನಿಮ್ಮಪ್ಪ ಹೇಳಿದ್ದು ನಿಜವಾದ ಬತ್ತಿ."

ಮಗಳ ಉಸಿರು ಸಣ್ಣಗೆ ಸಿಳ್ಳೆ ಹಾಕತೊಡಗಿತ್ತು. ಚೀಲದಿಂದ ಉಬ್ಬಸದ ಔಷಧಿ ತೆಗೆದು ಬಾಯಿಗಿಟ್ಟುಕೊಂಡಳು.

"ಅಪ್ಪನದೇ ಎದೆ ನಂದೂ," ಎಂದು ಸಾವರಿಸಿಕೊಂಡು ನಕ್ಕಳು. "ಮೂಗು ಅಮ್ಮಂದು. ಒಳ್ಳೇದೆಲ್ಲ ಅಮ್ಮಂದು."

ಮೇಷ್ಟ್ರು ನಾಲ್ಕೂ ಯಂತ್ರಗಳನ್ನು ಒಂದೊಂದಾಗಿ ತೆರೆದು, ಉಳಿದಿದ್ದ ಔಷಧಿಯನ್ನೆಲ್ಲ ತಾವೇ ಹೊರಗೆ ಚೆಲ್ಲಿ, ಬರಿದು ಮಾಡಿದರು. ಪೊಲೀಸರು ನೋಡಿ ಮತ್ತೆ ಗೋಡೆಗೆ ನೇತು ಹಾಕಿದ್ದ ತಗಡಿನ ಡಬ್ಬಿಯನ್ನು ಇಳಿಸಿ ಕಂಕುಳಲ್ಲಿ ಇಟ್ಟುಕೊಂಡರು. ಅಂಗಳದ ಕಡೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಜೋಡಣೆಯ ಕೋಣೆಯ ಕಡೆಯ ಬಾಗಿಲಿನಿಂದ ಇಬ್ಬರೂ ಹೊರಗೆ ಬಂದು ಅದನ್ನು ಮುಚ್ಚಿದರು.

ಜೋಡಣೆಯ ಕೋಣೆಯ ಉದ್ದನೆಯ ಮೇಜಿನ ಬಳಿ ಚಿಕ್ಕಪ್ಪ ಕಾಯುತ್ತ ಕುಳಿತಿದ್ದರು. ಹನಿಯಪ್ಪನ ಒಡಹುಟ್ಟಿದ ತಮ್ಮ. ಮೊದಲ ಯಂತ್ರ ಮಾಡಿದ್ದು ಯಾರು ಎಂಬ ವಿಷಯಕ್ಕೆ ಅಣ್ಣ ತಮ್ಮಂದಿರ ನಡುವೆ ಮೊದಲಿನಿಂದಲೂ ಜಗಳ. ಸಾವಿನ ಹಿಂದಿನ ದಿನವೂ ಚಿಕ್ಕಪ್ಪ ಬಂದು ಕೂಗಾಡಿ ಹೋದದ್ದನ್ನು ಇಡೀ ಕಾರ್ಖಾನೆ ಕೇಳಿತ್ತು.

ಮೇಷ್ಟ್ರು ಗಾಜಿನ ಬಟ್ಟಲನ್ನು ಅವರ ಮುಂದೆ ಇಟ್ಟರು.

"ಏನು, ನನಗೇ ಬತ್ತಿ ಇಡೋಕೆ ಬಂದ್ರಾ ಮೇಷ್ಟ್ರೇ?"

"ಇಟ್ಟೋರು ಯಾರು ಅಂತ ಕೇಳೋಕೆ ಬಂದೆ."

"ನಾನಲ್ಲ. ಮುಗೀತಾ? ಮನೆಗೆ ಹೋಗ್ಲಾ?"

"ಹಿಂದಿನ ದಿನ ಜಗಳ ಆಡಿದ್ರಿ."

"ಆಡಿದೆ. ಅವನ ಜೊತೆ ಜಗಳ ಆಡದೆ ಇದ್ದ ದಿನ ನನಗೆ ಊಟ ಸೇರ್ತಿರಲಿಲ್ಲ. ಈಗ ವಾರದಿಂದ ಸೇರ್ತಿಲ್ಲ, ನೋಡಿ." ಚಿಕ್ಕಪ್ಪನ ಧ್ವನಿ ಒಡೆಯಿತು. ಅದನ್ನು ಮುಚ್ಚಿಕೊಳ್ಳಲು ಇನ್ನಷ್ಟು ಜೋರು ಮಾಡಿದರು. "ಡಬ್ಬಿ ಅವನ ಪಕ್ಕದಲ್ಲೇ ನೆಲದ ಮೇಲಿತ್ತು. ಎರಡು ಬಾಗಿಲಿಗೂ ಒಳಗಿನಿಂದ ಚಿಲಕ. ಹಳೇದಕ್ಕೆ ಜೀವ ತುಂಬ್ತೀನಿ ಅಂತ ಹೋಗಿ ಔಷಧಿ ಬದಲು ಡಬ್ಬಿಗೆ ಆಸಿಡ್ ಸುರಿದ, ಅದು ಕೆಳಗಿನ ಬಟ್ಟಲಲ್ಲಿದ್ದ ಬ್ಲೀಚಿಂಗ್ ನೀರಿಗೆ ಬಿತ್ತು. ವಯಸ್ಸಾಗಿತ್ತು. ಕಣ್ಣು ಮಂಜು. ಸಾಹೇಬ್ರು ಹೇಳೋದ್ರಲ್ಲಿ ಏನು ತಪ್ಪಿದೆ?"

"ಚಿಕ್ಕಪ್ಪಾ!" ಎಂದಳು ಮಗಳು.

"ನೀನು ಸುಮ್ಮನಿರೇ. ನನ್ನಣ್ಣ ತಾನೇ ಹೋಗಿದ್ದು?"

"ಡಬ್ಬಿ ತುಂಬಿಸೋನು ಚಿಲಕ ಯಾಕೆ ಹಾಕ್ಕೊಳ್ತಾನೆ?" ಎಂದು ಕೇಳಿ ಮೇಷ್ಟ್ರು ಸುಮ್ಮನೆ ನಿಂತರು.

ಚಿಕ್ಕಪ್ಪ ಗಾಜಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಬೆಳಿಗ್ಗೆ ಬಾಗಿಲು ತೆಗೆದಾಗಲೇ ಕೋಣೆ ತುಂಬ ವಿಷ ತುಂಬಿತ್ತು," ಎಂದರು ಮೇಷ್ಟ್ರು. "ಅಂಗಳದಲ್ಲಿ ಕೆಲಸದವರು ಸೇರೋ ಹೊತ್ತು. ಬಾಗಿಲು ತೆರೆದಿಟ್ಟಿದ್ರೆ ಅದು ಅವರ ಕಡೆ ಹರೀತಿತ್ತು, ಇಲ್ಲಾ ಅವರೇ ಸಹಾಯಕ್ಕೆ ಅಂತ ಒಳಗೆ ನುಗ್ತಿದ್ರು. ನಿಮ್ಮಣ್ಣ ಒಳಗಿನಿಂದ ಚಿಲಕ ಹಾಕ್ಕೊಂಡ್ರು. ಒದ್ದೆ ಕರವಸ್ತ್ರ ಮೂಗಿಗೆ ಹಿಡ್ಕೊಂಡು ಹೋಗಿ ಡಬ್ಬೀನ ಗೋಡೆಯಿಂದ ಇಳಿಸಿದ್ರು. ಆ ಕರವಸ್ತ್ರ ಕೈಯಲ್ಲೇ ಇತ್ತು. ಬತ್ತಿ ಕಿತ್ತರು, ಅದು ಜಾಲರಿಯೊಳಗೆ ಬಿತ್ತು. ಹನಿ ನಿಂತಿತು. ಅವರಿಗೆ ವಾಪಸು ಬಾಗಿಲ ತನಕ ಬರೋಕೆ ಆಗಲಿಲ್ಲ."

ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚಿಕ್ಕಪ್ಪ ಮುಚ್ಚಿದ ಬಾಗಿಲನ್ನು ಎಷ್ಟೋ ಹೊತ್ತು ನೋಡಿದರು. ಬಹುಶಃ ಅಣ್ಣನನ್ನು ಅವರು ಸರಿಯಾಗಿ ನೋಡಿದ್ದು ಅದೇ ಮೊದಲು.

"ಸಾಹೇಬರು ಇದನ್ನ ಊಹೆ ಅಂತಾರೆ," ಎಂದರು ಮೇಷ್ಟ್ರು. "ಬತ್ತಿ ಬೇರೆಯವರ ಕೈಯದು ಅಂತ ತೋರಿಸಬೇಕು. ನನಗೊಂದು ಹೊಸ ಬತ್ತಿ ಬೇಕು. ಹೊಸೆದು ಕೊಡ್ತೀರಾ?"

"ನಾನಾ?" ಚಿಕ್ಕಪ್ಪ ಒಣನಗೆ ನಕ್ಕರು. "ನನಗೆ ಬರಲ್ಲ. ಅವನಿಗೂ ಬರ್ತಿರಲಿಲ್ಲ."

"ಮತ್ತೆ ಮೊದಲ ಯಂತ್ರ ನಾನು ಮಾಡಿದ್ದು ಅಂತ ಇಬ್ಬರೂ ಹೊಡೆದಾಡ್ತಿದ್ರಲ್ಲ?"

"ತಗಡು ಕತ್ತರಿಸಿದ್ದು ನಾನು. ಬೆಸುಗೆ ಹಾಕಿದ್ದು ಅವನು. ಅದಕ್ಕೇ ಅಷ್ಟು ಕೂಗಾಟ. ಮಾಡಿದ್ದು ಮಾತ್ರ ಅತ್ತಿಗೆ."

ಮಗಳು ತಲೆ ಎತ್ತಿದಳು. "ಅಮ್ಮನಾ?"

"ನಿಮ್ಮಮ್ಮನೇ. ನಿಮ್ಮಪ್ಪ ಹೇಳಲಿಲ್ವಾ? ಎಲ್ಲಿಂದ ಹೇಳ್ತಾನೆ, ಹೇಳಿದ್ರೆ ನನ್ನ ಜೊತೆ ಜಗಳ ಆಡೋಕೆ ಏನು ಉಳೀತಿತ್ತು!"

ಚಿಕ್ಕಪ್ಪ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿದರು.

"ಆಗ ನಾವಿಬ್ಬರೂ ನಲ್ಲಿ ರಿಪೇರಿ ಮಾಡ್ಕೊಂಡಿದ್ವಿ. ಅತ್ತಿಗೆ ಚಿತ್ರಮಂದಿರದಲ್ಲಿ ಶೌಚಾಲಯ ತೊಳೆಯೋ ಕೆಲಸಕ್ಕಿದ್ದರು. ಒಂದೊಂದು ಆಟ ಮುಗಿದಾಗಲೂ ಜನ ನುಗ್ಗಿ ಬರೋರು. ಬಟ್ಟಲಿಂದ ಬಟ್ಟಲಿಗೆ ಫಿನೈಲ್ ಹೊಯ್ಯುತ್ತಾ ಓಡಬೇಕು. ನೀನು ಎಳೇ ಕೂಸು. ಮೂಲೇಲಿ ಬುಟ್ಟಿಯಲ್ಲಿ ಮಲಗಿಸಿರೋರು. ನೀನೋ, ಕೆಳಗಿಟ್ಟರೆ ಊರು ಕೇಳೋ ಹಾಗೆ ಅಳೋಳು."

"ಆಮೇಲೆ?"

"ಒಂದು ದಿನ ಕರೆಂಟು ಹೋಯ್ತಂತೆ. ಸೀಮೆಎಣ್ಣೆ ಬುಡ್ಡಿ ಹಚ್ಚಿಟ್ಟರು. ಅದರ ಬತ್ತಿ ವಾಲಿ ಅಂಚಿನಿಂದ ಆಚೆ ಬಿದ್ದಿತ್ತು. ಆರಿದ ಮೇಲೆ ನೋಡ್ತಾರೆ, ಎಣ್ಣೆ ತಾನಾಗೇ ಬತ್ತಿ ಹತ್ತಿ, ಅಂಚು ದಾಟಿ, ಹನಿ ಹನಿಯಾಗಿ ನೆಲಕ್ಕೆ ಬೀಳ್ತಿದೆ. ಬೇರೆ ಯಾರಾದ್ರೂ ಆಗಿದ್ರೆ ಬೈಕೊಂಡು ನೆಲ ಒರೆಸ್ತಿದ್ರು. ಅತ್ತಿಗೆ ನೋಡ್ತಾ ನಿಂತರಂತೆ. ಮಾರನೇ ದಿನ ನಮ್ಮಿಬ್ಬರ ಮುಂದೆ ಒಂದು ಡಬ್ಬಿ ತಂದಿಟ್ಟು, 'ಇದನ್ನ ಬಟ್ಟಲಿನ ಮೇಲೆ ನೇತು ಹಾಕೋ ಹಾಗೆ ಮಾಡಿಕೊಡಿ' ಅಂದ್ರು. 'ಯಾಕೆ ಅತ್ತಿಗೆ?' ಅಂದೆ."

"ಏನಂದ್ರು?"

"'ನನ್ನ ಬದಲು ಇದು ಹೊಯ್ಯಲಿ. ನಾನು ಮಗೂನ ಎತ್ತಿಕೊಳ್ತೀನಿ' ಅಂದ್ರು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಪತ್ನಿ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಅಡುಗೆಮನೆಯಲ್ಲಿ ಅವಳು ಮಾಡಿಟ್ಟುಹೋದ ಸಣ್ಣ ಏರ್ಪಾಡುಗಳು, ಬಾಗಿಲು ಬಡಿದುಕೊಳ್ಳದಂತೆ ಕಟ್ಟಿದ ಚಿಂದಿ, ಚಮಚ ಜಾರದಂತೆ ಬಡಿದ ಮೊಳೆ, ಇವೆಲ್ಲ ಒಂದೊಂದಾಗಿ ಅವರ ಕಣ್ಣಿಗೆ ಬೀಳುತ್ತಿದ್ದ ಕಾಲ. ಊರೂರಿಗೆ ಹೋದ ಯಂತ್ರ, ಕಣ್ಣು ಬಂದ ಯಂತ್ರ, ಗೋಡೆಯುದ್ದಕ್ಕೂ ಬೆಳೆದ ಆ ವಂಶವೆಲ್ಲ, ಒಬ್ಬ ತಾಯಿಗೆ ಕೂಸನ್ನು ಎತ್ತಿಕೊಳ್ಳಲು ಎರಡು ಕೈ ಬಿಡುವಾಗಲಿ ಎಂದು ಹುಟ್ಟಿತ್ತು. ಭಗವಂತ ಇಂಥ ಬೆಳಕನ್ನು ಎಲ್ಲಿ, ಯಾರ ಮುಂದೆ ಹಚ್ಚುತ್ತಾನೆಂದು ಯಾರು ಬಲ್ಲರು?

"ನೂಲು ಕೊಡಿ ಚಿಕ್ಕಪ್ಪ," ಎಂದಳು ಮಗಳು. ಅವಳ ಧ್ವನಿ ಬದಲಾಗಿತ್ತು. "ನಾನು ಹೊಸೀತೀನಿ. ಅಮ್ಮ ಕಲಿಸಿದ್ದಾರೆ."

ಮೇಜಿನ ಕೆಳಗಿನ ಪೆಟ್ಟಿಗೆಯಿಂದ ಹತ್ತಿಯ ನೂಲು ಬಂತು. ಅವಳು ಎಳೆಗಳನ್ನು ಮಡಚಿ, ಅಂಗೈ ನಡುವೆ ಹೊಸೆದು, ತುದಿಗೆ ಬಂದಾಗ ನೋಡದೆಯೇ ಎರಡು ಸುತ್ತು ಸುತ್ತಿ, ಎಳೆಯೊಂದನ್ನು ಹಿಂದಿನಿಂದ ತೂರಿಸಿ ಬಿಗಿದಳು. ಬತ್ತಿ ಡಬ್ಬಿಯ ತಳದಲ್ಲಿ ಕೂರಲಿ, ಜಾರಿ ಹೊರಗೆ ಬರದಿರಲಿ ಎಂದು ಹಾಕುವ ಗಂಟು.

ಅದನ್ನು ಮೇಜಿನ ಮೇಲೆ, ಹಳೆಯ ಬತ್ತಿಯ ಪಕ್ಕದಲ್ಲಿ ಇಟ್ಟಳು.

ಮೂವರೂ ನೋಡಿದರು.

ಎರಡು ಗಂಟುಗಳೂ ಒಂದೇ ತಾಯಿಯ ಮಕ್ಕಳಂತಿದ್ದವು.

"ಈ ಗಂಟು ಇನ್ನಾರಿಗೆ ಬರುತ್ತೆ?" ಎಂದರು ಮೇಷ್ಟ್ರು.

ಮಗಳು ಸುಳ್ಳು ಹೇಳಬಹುದಿತ್ತು. ಅಪ್ಪನಿಗೂ ಬರುತ್ತಿತ್ತು ಎಂದರೆ ಅವಳು ಪಾರು. ಆದರೆ ಅಪ್ಪನ ತಲೆಯ ಮೇಲೆ ಅಜಾಗರೂಕತೆ ಅಲ್ಲೇ ಕೂರುತ್ತಿತ್ತು.

"ಯಾರಿಗೂ ಬರಲ್ಲ," ಎಂದಳು. "ಅಮ್ಮ ಹೋದ ಮೇಲೆ ನನಗೊಬ್ಬಳಿಗೇ."

"ಲೇ ಪುಟ್ಟಿ, ಏನು ಹೇಳ್ತಿದೀಯ ಅಂತ ಗೊತ್ತಾ ನಿನಗೆ?" ಚಿಕ್ಕಪ್ಪ ಎದ್ದೇ ಬಿಟ್ಟರು.

"ಗೊತ್ತು. ಅಪ್ಪಂಗೆ ಈ ಗಂಟು ಬರ್ತಿರಲಿಲ್ಲ. ಬರೀರಿ ಅನ್ನಿ ಸಾಹೇಬ್ರಿಗೆ."

ಮೇಷ್ಟ್ರು ಮಾತಾಡದೆ ಎರಡು ಲೋಟದಲ್ಲಿ ನೀರು ತುಂಬಿಸಿದರು. ಒಂದರ ಅಂಚಿಗೆ ಹೊಸ ಬತ್ತಿ ಇಳಿಬಿಟ್ಟರು, ಇನ್ನೊಂದಕ್ಕೆ ಹಳೆಯದನ್ನು. ಹೊಸ ಬತ್ತಿ ನೀರನ್ನು ಗಟಗಟ ಕುಡಿಯಿತು. ಒದ್ದೆ ಮೇಲೇರಿ, ಅಂಚು ದಾಟಿ, ಕೆಳಗಿಳಿದು, ತುದಿಯಲ್ಲಿ ದುಂಡಗಾಗಿ ಮಿನುಗಿತು. ಮೊದಲ ಹನಿ ಬಿತ್ತು.

ಹಳೆಯ ಬತ್ತಿ ಒಂದಿಷ್ಟೂ ಕುಡಿಯಲಿಲ್ಲ. ಅದರ ಸುತ್ತ ನೀರಿನ ಮೇಲೆ ತೆಳ್ಳಗೆ ಬಣ್ಣ ಹರಡಿತು. ನೀಲಿ, ನೇರಳೆ, ಹಸಿರು. ಕಾಮನಬಿಲ್ಲಿನ ಒಂದು ತುಂಡು ಲೋಟಕ್ಕೆ ಬಿದ್ದ ಹಾಗೆ.

ಚಿಕ್ಕಪ್ಪ ಬಗ್ಗಿ ಮೂಸಿದರು. "ಸೀಮೆಎಣ್ಣೆ!"

"ಹೌದು. ಕರಕಲು ಆಸಿಡ್‌ನಿಂದ ಆದದ್ದಲ್ಲ, ಉರಿಯಿಂದ ಆದದ್ದು. ಇದು ದೀಪದಲ್ಲಿದ್ದ ಬತ್ತಿ. ಎಣ್ಣೆ ಕುಡಿದ ನೂಲು ಬೇರೆ ಏನನ್ನೂ ಬೇಗ ಒಳಗೆ ಬಿಟ್ಟುಕೊಳ್ಳಲ್ಲ." ಮೇಷ್ಟ್ರು ಮಗಳ ಕಡೆಗೆ ತಿರುಗಿದರು. "ನೀನು ಇತ್ತೀಚೆಗೆ ದೀಪಕ್ಕೆ ಬತ್ತಿ ಹೊಸೆದಿದ್ಯಾ?"

"ನಮ್ಮ ಮಲಗೋ ಕೋಣೆ ದೀಪಕ್ಕೆ ಹೊಸೆದಿದ್ದೆ. ಕರೆಂಟು ಹೋದಾಗ ಇರಲಿ ಅಂತ. ಮೊನ್ನೆ ಹಚ್ಚೋಕೆ ಹೋದ್ರೆ ಬತ್ತಿನೇ ಇರಲಿಲ್ಲ. ಒಳಗೆ ಜಾರಿರಬೇಕು ಬಿಡು ಅಂದ್ರು ನಮ್ಮ ಮನೆಯವರು."

"ಗಂಟು ಇರೋದು ಜಾರದೆ ಇರಲಿ ಅಂತ ಅಲ್ವಾ?"

ಅವಳು ಲೋಟದೊಳಗಿನ ಹಳೆಯ ಗಂಟನ್ನು ಬಗ್ಗಿ ನೋಡಿದಳು.

ಅವಳ ಗಂಡ, ಈ ಮನೆಯ ಅಳಿಯ, ಈಗ ಕಾರ್ಖಾನೆ ನೋಡಿಕೊಳ್ಳುತ್ತಿದ್ದ. ಮೆಲುಮಾತಿನವನು, ಯಾರ ಮೇಲೂ ದನಿ ಎತ್ತದವನು. ಕಾರ್ಖಾನೆ ಮಾರೋಣ ಎಂದು ಅವನು, ನಾನಿರುವ ತನಕ ಮಾರಗೊಡುವುದಿಲ್ಲ ಎಂದು ಅವಳು. ಆದರೆ ಆ ವಾದದಲ್ಲೂ ಅವನು ನಗುತ್ತಲೇ ಎದ್ದು ಹೋಗುತ್ತಿದ್ದ.

"ಬತ್ತಿ ಇಟ್ಟವನಿಗೆ ಗೊತ್ತಿದ್ದದ್ದು ಒಂದೇ ಸಂಗತಿ," ಎಂದರು ಮೇಷ್ಟ್ರು. ಧ್ವನಿ ತೀರ ಮೃದುವಾಗಿತ್ತು. "ಬತ್ತಿ ಇಟ್ಟ ಸ್ವಲ್ಪ ಹೊತ್ತಿಗೇ ಹನಿ ಶುರುವಾಗುತ್ತೆ ಅನ್ನೋದು. ಸಂಜೆ ಇಟ್ಟ. ಸಂಜೆಯೇ ಬೀಳಬೇಕಿತ್ತು. ಎಣ್ಣೆ ತಡ ಮಾಡಿಸ್ತು. ರಾತ್ರಿಯೆಲ್ಲ ಮುಚ್ಚಿದ ಕೋಣೇಲಿ ಬಿತ್ತು. ಬೆಳಿಗ್ಗೆ ಮೊದಲು ಬಾಗಿಲು ತೆಗೆದವರು ನಿಮ್ಮಪ್ಪ. ಹನಿ ಅವರಿಗೆ ಅಂತ ಇಟ್ಟದ್ದಲ್ಲ ತಾಯಿ. ಸಂಜೆ ಆ ಕೋಣೆಗೆ ಯಾರು ಹೋಗ್ತಾರೆ?"

ಪ್ರಶ್ನೆ ಕೇಳಿ ಅವರು ಸುಮ್ಮನೆ ನಿಂತರು.

ಹೊಸ ಬತ್ತಿಯ ತುದಿಯಿಂದ ಇನ್ನೊಂದು ಹನಿ ಬಿತ್ತು. ಮತ್ತೊಂದು.

"ನಾನು," ಎಂದಳು ಮಗಳು. "ದಿನಾ ಸಂಜೆ ಯಂತ್ರಗಳನ್ನ ಒರೆಸೋಕೆ ಹೋಗ್ತಿದ್ದೆ. ಹೊರಗಿನ ಧೂಳು ಬರದೆ ಇರಲಿ ಅಂತ ಬಾಗಿಲು ಹಾಕ್ಕೊಂಡು. ಆವತ್ತು ತಲೆನೋವು ಅಂತ ಬೇಗ ಮುಗಿಸಿ ಬಂದೆ."

'ನೀನು ಈ ಕಡೆ ಬರಬೇಡ.' ಅಪ್ಪ ಫೋನಿನಲ್ಲಿ ಹಾಗೆ ಹೇಳಿದ್ದು ಆ ಬೆಳಗಿನ ವಿಷದ ಗಾಳಿಗೆ ಹೆದರಿ ಮಾತ್ರವಲ್ಲ. ಬತ್ತಿಯ ಗಂಟು ನೋಡಿದ ಕ್ಷಣದಲ್ಲೇ ಮುದುಕನಿಗೆ ಎಲ್ಲ ಹೊಳೆದಿತ್ತು. ಅಮ್ಮ ತನ್ನನ್ನು ಎತ್ತಿಕೊಳ್ಳಲೆಂದು ಬಿದ್ದ ಮೊದಲ ಹನಿಯ ಡಬ್ಬಿಯಲ್ಲೇ, ತನ್ನ ಕೈಯ ಬತ್ತಿಯಿಂದಲೇ, ತನಗಾಗಿ ಹನಿ ಕಾದಿತ್ತು ಎಂಬುದು ಅವಳಿಗೂ ಈಗ ಹೊಳೆಯಿತು. ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು.

ಆಗ ಪ್ರದರ್ಶನದ ಕೋಣೆಯ ಬಾಗಿಲು ಒಳಗಿನಿಂದ ತೆರೆಯಿತು.

ಹೊಸ್ತಿಲ ಮೇಲೆ ಅಳಿಯ ನಿಂತಿದ್ದ. ಅಂಗಳದ ಬಾಗಿಲಿನ ಬೀಗದ ಕೈ ಬೆರಳಲ್ಲಿ ತೂಗುತ್ತಿತ್ತು. ಇನ್ನೊಂದು ಕೈಯಲ್ಲಿ ಮಡಚಿದ ಬಿಳಿಯ ಬಟ್ಟೆ.

"ಇಲ್ಲಿದ್ದೀರಾ ಎಲ್ಲರೂ? ಸಾಹೇಬರು ಫೋನ್ ಮಾಡಿದ್ದರು. ಮುಗಿಸಿಬಿಡಿ ಅಂದೆ. ಮಾವನವರ ಆತ್ಮಕ್ಕೂ ಶಾಂತಿ ಬೇಕಲ್ಲ." ಅವನು ಹೆಂಡತಿಯ ಕಡೆ ನೋಡಿ ಪ್ರೀತಿಯಿಂದ ನಕ್ಕ. "ವಾರದಿಂದ ನೀನು ಒಳಗೆ ಕಾಲಿಟ್ಟಿಲ್ಲ. ಅವರು ಅಷ್ಟು ಆಸೆಯಿಂದ ಇಟ್ಟ ಯಂತ್ರಗಳಿಗೆ ಧೂಳು ಹಿಡಿದಿದೆ ನೋಡು. ಬಟ್ಟೆ ತಂದಿದ್ದೀನಿ. ಬಾ, ಒಂದು ಸಲ ಒರೆಸಿಬಿಡು. ಮನಸ್ಸು ಹಗುರ ಆಗುತ್ತೆ."

ಅವನ ಬೆನ್ನ ಹಿಂದೆ, ಕತ್ತಲಾಗುತ್ತಿದ್ದ ಕೋಣೆಯೊಳಗೆ, ನಾಲ್ಕನೆಯ ಯಂತ್ರದ ಕಣ್ಣು ಕೆಂಪಗೆ ಒಮ್ಮೆ ಮಿಟುಕಿತು.

ಟಪ್.

ಮೇಷ್ಟ್ರ ಕೈ ಲೋಟದ ಮೇಲೆ ಹಾಗೆಯೇ ನಿಂತಿತು. ನಾಲ್ಕೂ ಯಂತ್ರಗಳನ್ನು ಸ್ವಲ್ಪ ಹೊತ್ತಿನ ಹಿಂದೆ ಅವರೇ ಬರಿದು ಮಾಡಿದ್ದರು. ಆಮೇಲೆ ಯಾರೋ ಮತ್ತೆ ತುಂಬಿಸಿದ್ದರು.

ಟಪ್. ಟಪ್.

ಮಗಳು ಮೇಜು ಬಿಟ್ಟು ಮುಂದೆ ಬಂದಳು. ಚಿಕ್ಕಪ್ಪ ಅವಳ ಕೈ ಹಿಡಿಯಲು ಹೋದರು. ಮೇಷ್ಟ್ರು ಕಣ್ಣಲ್ಲೇ ತಡೆದರು. ಅವಳು ಗಂಡನ ಎದುರಿಗೆ ನಿಂತು ಅವನ ಕೈಯಿಂದ ಬಟ್ಟೆ ತೆಗೆದುಕೊಂಡಳು. ಅದನ್ನು ಬಿಡಿಸಿ, ಕೊಡವಿ, ಮತ್ತೆ ಅವನ ಹೆಗಲ ಮೇಲೆ ಹಾಕಿದಳು.

"ಬರ್ತೀನಿ," ಎಂದಳು. "ನೀವು ಮುಂದೆ ನಡೀರಿ."

ಅಳಿಯ ನಗುತ್ತಲೇ ಇದ್ದ. ಅವನ ಕಾಲು ಮಾತ್ರ ಹೊಸ್ತಿಲಿನಿಂದ ಕದಲಲಿಲ್ಲ.